ಎಡ ಹೆಗಲಿನ ಹೂವು

ರೇವಣಸಿದ್ದ ಯಾರಿಗೂ ಕೈ ಎತ್ತಿ ಹೊಡೆಯುತ್ತಿರಲಿಲ್ಲ. ಅವನು ಕೂರುತ್ತಿದ್ದ. ಹಿಡಿದು ತಂದವನನ್ನು ಇಬ್ಬರು ಆಳುಗಳು ನೆಲಕ್ಕೆ ಅಂಗಾತ ಕೆಡವಿ ಕೈಕಾಲು ಒತ್ತಿ ಹಿಡಿದರೆ, ಇವನು ಲುಂಗಿ ಎತ್ತಿ ಕಟ್ಟಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಷ್ಟೇ ಸಾವಧಾನವಾಗಿ ಆ ಮನುಷ್ಯನ ಎದೆಯ ಮೇಲೆ ಕೂರುತ್ತಿದ್ದ. ನೂರೈವತ್ತು ಕಿಲೋ ದಾಟಿದ ಮೈ. ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಕೆಳಗಿದ್ದವನು ಮೊದಲು ಬೈಯುತ್ತಿದ್ದ, ಆಮೇಲೆ ಬೇಡಿಕೊಳ್ಳುತ್ತಿದ್ದ, ಆಮೇಲೆ ಬೇಡಿಕೊಳ್ಳುವುದಕ್ಕೂ ಅವನಲ್ಲಿ ಗಾಳಿ ಇರುತ್ತಿರಲಿಲ್ಲ. ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡಾಗ ಇವನು ಎದ್ದು ಲುಂಗಿ ಕೊಡವಿಕೊಳ್ಳುತ್ತಿದ್ದ. ಗಾಯವಿಲ್ಲ, ರಕ್ತವಿಲ್ಲ, ಪೊಲೀಸರಿಗೆ ತೋರಿಸಲು ಏನೂ ಇಲ್ಲ. ಮುಂಬಯಿ ಪಕ್ಕದ ತುರ್ಭೆಯಲ್ಲಿ ಹೋಟೆಲು ನಡೆಸುತ್ತಿದ್ದ ಜಯಶೀಲ ಶೆಟ್ಟಿ ಅವನನ್ನು ಇಟ್ಟುಕೊಂಡಿದ್ದುದು ಇದಕ್ಕೇ.

ಶೆಟ್ಟಿಯ ಹೋಟೆಲಿನ ಹಿಂದೆ ಹಮಾಲರ ತಗಡಿನ ಮನೆಗಳಿದ್ದವು. ರಾಯಚೂರು, ಕಲಬುರಗಿ ಕಡೆಯಿಂದ ಬಂದು ಗೋದಾಮುಗಳಲ್ಲಿ ಮೂಟೆ ಹೊರುವ ಜನ. ಆ ಜಾಗದಲ್ಲಿ ಲಾಡ್ಜು ಕಟ್ಟಬೇಕೆಂದು ಶೆಟ್ಟಿಗೆ ಮನಸ್ಸಾಯಿತು. ರೇವಣಸಿದ್ದ ಒಬ್ಬೊಬ್ಬರ ಮೇಲೆ ಕೂತ ಹಾಗೆ ಒಂದೊಂದು ಮನೆ ಖಾಲಿಯಾಯಿತು. ಏಳುವುದಿಲ್ಲ ಎಂದವನು ಮಾನಪ್ಪ ಒಬ್ಬನೇ. ಅವನ ತಂದೆ ಮಾಪಣ್ಣ ಅಲ್ಲಿಯೇ ಬೇವಿನ ಗಿಡದ ಕೆಳಗೆ ದುರ್ಗಮ್ಮನ ಕಲ್ಲು ಇಟ್ಟು ಪೂಜೆ ಮಾಡುತ್ತಿದ್ದ. ದೇವಿಯನ್ನು ಕಿತ್ತುಕೊಂಡು ಎಲ್ಲಿಗೆ ಹೋಗುವುದು ಎಂಬುದು ಮಗನ ಮಾತು.

ರೇವಣಸಿದ್ದ ಮಾನಪ್ಪನ ಮನೆಗೆ ಬಂದ ದಿನ ಮಾಪಣ್ಣ ಭಿವಂಡಿಯಲ್ಲಿ ಮಗ್ಗದವರೊಬ್ಬರ ಮನೆಯ ಪೂಜೆಗೆ ಹೋಗಿದ್ದ. ನಡೆದುದನ್ನೆಲ್ಲ ಕಣ್ಣಾರೆ ಕಂಡವಳು ಸೊಸೆ ಮರಗಮ್ಮ. ಆಳೊಬ್ಬನು ಅವಳ ಜಡೆಯನ್ನು ಕೈಗೆ ಸುತ್ತಿ ಮನೆಯ ಕಂಬಕ್ಕೆ ಒತ್ತಿ ನಿಲ್ಲಿಸಿದ್ದ. ಗಂಡನ ಪಕ್ಕೆಲುಬು ಮುರಿದ ಸದ್ದು ಹಸಿ ಜೋಳದ ದಂಟು ಮುರಿದ ಹಾಗಿತ್ತು ಎಂದು ಅವಳು ಒಮ್ಮೆ ಹೇಳಿದಳು, ಮತ್ತೆ ಹೇಳಲಿಲ್ಲ. ಮಾನಪ್ಪ ತಾನಾಗಿ ಎದ್ದ, ನಡೆದು ಹೋಗಿ ನೀರು ಕುಡಿದ, ಏನೂ ಆಗಿಲ್ಲ ಎಂದ. ಮೂರನೆಯ ದಿನ ಬೆಳಿಗ್ಗೆ ಬಾಯಿತುಂಬ ರಕ್ತ ಕಾರಿ ತಂದೆಯ ತೊಡೆಯ ಮೇಲೆ ಸತ್ತ. ಮೂಟೆಗಳ ಅಟ್ಟಿಯಿಂದ ಬಿದ್ದು ಸತ್ತ ಎಂದು ಪೊಲೀಸರು ಬರೆದುಕೊಂಡರು.

ಮಾಪಣ್ಣ ದುರ್ಗಮ್ಮನ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ಲೋಕಲ್ ರೈಲಿನ ಸಾಮಾನಿನ ಡಬ್ಬಿಯಲ್ಲಿ ನಿಂತು ದಿವಾ ಸ್ಟೇಶನ್ನಿಗೆ ಬಂದ. ಸೊಸೆ ಪಾತ್ರೆಗಳ ಗಂಟು ಹೊತ್ತು ಹಿಂದೆ ಬಂದಳು. ರೈಲು ಹಳಿಗೂ ಗಟಾರಕ್ಕೂ ನಡುವೆ ಒಂದಿಷ್ಟು ಜಾಗ ಸಿಕ್ಕಿತು. ಇಟ್ಟಿಗೆಯ ಕಟ್ಟೆ, ಮೇಲೆ ತಗಡು. ದೇವಿ ಅಲ್ಲಿ ಕೂತಳು.

ಹೂವಿನ ಪ್ರಸಾದ ಕೇಳಲು ಜನ ಬರತೊಡಗಿದರು. ಎರಡು ದಾರಿಗಳಲ್ಲಿ ಯಾವುದು ಎಂದು ಕಾಣದೆ ನಿಂತವರು ಕೇಳುವ ಪ್ರಸಾದ ಅದು. ಕಣಗಿಲೆಯ ಎರಡು ಹೂವನ್ನು ನೀರಿನಲ್ಲಿ ಅದ್ದಿ ದೇವಿಯ ಎರಡು ಹೆಗಲಿಗೆ ಅಂಟಿಸಬೇಕು. ಬಲಕ್ಕೆ ಒಂದು ದಾರಿ, ಎಡಕ್ಕೆ ಇನ್ನೊಂದು. ಯಾವ ಹೂವು ಮೊದಲು ಬೀಳುತ್ತದೋ ಅದು ದೇವಿಯ ಮಾತು. ರೈಲು ಬಂದರೆ ಕಟ್ಟೆ ನಡುಗುತ್ತದೆ, ಹೂವು ಉದುರುತ್ತವೆ. ಆದ್ದರಿಂದ ಗಾಡಿ ಹೋಗುವವರೆಗೆ ಕಾದು, ಹಳಿಯ ಸದ್ದು ಪೂರ್ತಿ ನಿಂತ ಮೇಲೆಯೇ ಮಾಪಣ್ಣ ಹೂವು ಇಡುತ್ತಿದ್ದ. ಗಾಡಿಯ ಮಾತನ್ನು ದೇವಿಯ ಮಾತೆಂದು ಹೇಳಬಾರದು. ಈ ನೇಮವನ್ನು ಅವನು ಒಮ್ಮೆಯೂ ತಪ್ಪಿರಲಿಲ್ಲ.

ನಾಲ್ಕು ವರ್ಷ ಹೀಗೆ ಕಳೆದ ಮೇಲೆ ಒಂದು ಶುಕ್ರವಾರ ರೇವಣಸಿದ್ದ ಬಂದ. ಹೆಸರು ಕೇಳಿದ್ದರೂ ಮಾಪಣ್ಣ ಅವನನ್ನು ಕಂಡಿರಲಿಲ್ಲ. ಅವನಿಗೂ ಈ ಮುದುಕ ಯಾರೆಂದು ತಿಳಿದಿರಲಿಲ್ಲ. ರಿಕ್ಷಾದಿಂದ ಕಟ್ಟೆಯವರೆಗೆ ಬರುವಷ್ಟರಲ್ಲಿ ಅವನು ಎರಡು ಕಡೆ ನಿಂತು ದಮ್ಮು ತೆಗೆದ. ಹಿಂದೆ ಹೆಂಡತಿ ಕಾಂಚನಾ. ಅವಳ ಹುಬ್ಬಿನ ಮೇಲೆ ಹೊಸ ಹೊಲಿಗೆಯ ಗಾಯ ಇತ್ತು.

ಅವನ ಸಂಕಟ ಇದು. ಅಂಗಾತ ಮಲಗಿದರೆ ಉಸಿರು ನಿಂತುಹೋಗುತ್ತದೆ. ಗಂಟಲಲ್ಲಿ ಗೊರಕೆ ಸಿಕ್ಕಿ, ಮುಖ ಕಪ್ಪಾಗಿ, ಹೆಂಡತಿ ದೂಡಿ ಎಬ್ಬಿಸಬೇಕು. ಕುರ್ಚಿಯಲ್ಲಿ ಕೂತೇ ನಿದ್ದೆ. ಸಕ್ಕರೆ ಕಾಯಿಲೆ ಬೇರೆ. ಕಾಲಿನ ಹುಣ್ಣು ಮಾಯುವುದಿಲ್ಲ. ಇದನ್ನೆಲ್ಲ ಕಾಂಚನಾ ಹೇಳುತ್ತಿದ್ದಾಗ ಅವನು ನಡುವೆ ಬಾಯಿ ಹಾಕಿ ನಕ್ಕ.

"ಮಂದಿ ಎದಿ ಮ್ಯಾಲೆ ನಾ ಕುಂತೆ ಅಜ್ಜಾ. ನನ್ನ ಎದಿ ಮ್ಯಾಲೆ ಯಾವ ಸೂಳೆಮಗ ಕುಂತಾನೋ ಗೊತ್ತಾಗವಲ್ದು."

ಗಟಾರದ ಆಚೆಯ ನಳದಿಂದ ನೀರು ತರುತ್ತಿದ್ದ ಮರಗಮ್ಮನ ತಲೆಯ ಮೇಲಿನ ಕೊಡ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಮನೆಯೊಳಗೆ ಹೋಗಿ ಬಾಗಿಲಿನ ಸಂದಿಯಲ್ಲಿ ನಿಂತಳು. ಮಾಪಣ್ಣ ಅವಳ ಮುಖ ನೋಡಿದ. ಬಂದವನು ಯಾರೆಂದು ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಅವನ ಕೈ ಅಲ್ಲಿದ್ದ ಗಂಟೆಯನ್ನು ಹಿಡಿದುಕೊಂಡಿತು. ಹಿತ್ತಾಳೆಯ ಭಾರವಾದ ಗಂಟೆ. ಬಗ್ಗಿ ಕೂತವನ ನೆತ್ತಿ ಒಂದು ಮೊಳ ದೂರದಲ್ಲಿತ್ತು. ಆದರೆ ಅವನು ಗಂಟೆಯನ್ನು ಬಿಟ್ಟು ಕೇಳಿದ. "ಏನ್ ಕೇಳಬೇಕಂತ ಬಂದೀರಪ?"

ರೇವಣಸಿದ್ದ ಹೇಳಿದ. ವಾಶಿಯ ಡಾಕ್ಟರು ಆಪರೇಶನ್ ಒಂದೇ ದಾರಿ ಎಂದಿದ್ದಾರೆ. ಆದರೆ ಆಪರೇಶನ್‌ನಲ್ಲಿ ಮೂರು ಬಗೆ. ಒಂದರಲ್ಲಿ ಹೊಟ್ಟೆಯ ಮೇಲ್ಭಾಗಕ್ಕೆ ರಬ್ಬರಿನಂಥ ಪಟ್ಟಿ ಬಿಗಿಯುತ್ತಾರೆ. ತುತ್ತು ಇಳಿಯುವುದಿಲ್ಲ, ಮೈ ಕರಗುತ್ತದೆ, ಬೇಡವೆಂದರೆ ಬಿಚ್ಚಬಹುದು. ಇನ್ನೊಂದರಲ್ಲಿ ಹೊಟ್ಟೆಯ ಮುಕ್ಕಾಲು ಪಾಲು ಕೊಯ್ದು ತೆಗೆಯುತ್ತಾರೆ. ಮೂರನೆಯದು ಬೈಪಾಸ್: ಹೊಟ್ಟೆಯನ್ನು ಮೊಟ್ಟೆಯಷ್ಟು ಮಾಡಿ ಕರುಳನ್ನು ತಿರುವಿ ಜೋಡಿಸುವುದು. ಸಕ್ಕರೆ ಇರುವವನಿಗೆ ಇದೇ ಒಳ್ಳೆಯದು ಎಂದು ಡಾಕ್ಟರ ಅಭಿಪ್ರಾಯ. ನಡುವಿನದು ಯಾರಿಗೂ ಬೇಡವಾಗಿ ಮೊದಲನೆಯದೋ ಕೊನೆಯದೋ ಎಂಬಲ್ಲಿಗೆ ಮಾತು ನಿಂತಿತ್ತು. ಖರ್ಚು ಕೊಡುವ ಶೆಟ್ಟಿಗೆ ಪಟ್ಟಿಯೇ ಆಗಬೇಕು. ಶೆಟ್ಟಿಯ ದನಿಯನ್ನು ರೇವಣಸಿದ್ದ ಅಣಕಿಸಿ ತೋರಿಸಿದ.

"ಪಟ್ಟಿ ಹಾಕಿಸು ಮಾರಾಯ. ಉಸಿರು ಸಮ ಆದ ಮೇಲೆ ಬಿಚ್ಚಿಸುವ. ಮತ್ತೆ ತಿಂದು ಮೊದಲಿನ ಹಾಗೇ ಆಗ್ತಿ. ಸಪೂರ ರೇವಣಸಿದ್ದನನ್ನು ಕಟ್ಟಿಕೊಂಡು ನಾನು ಎಂತ ಮಾಡ್ಲಿ?"

ಕಾಂಚನಾಳಿಗೆ ಬೈಪಾಸೇ ಆಗಬೇಕು. ಒಮ್ಮೆ ಕೊಯ್ದರೆ ಮತ್ತೆ ಆ ಮೈ ಬರುವುದಿಲ್ಲ, ಆ ಮೈ ಇಲ್ಲದಿದ್ದರೆ ಆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ ಎಂದು ಅವಳ ಲೆಕ್ಕ. ಇದನ್ನು ಹೇಳಿದ್ದಕ್ಕೇ ಅವನು ಊಟದ ತಟ್ಟೆ ಬೀಸಿ ಅವಳ ಹುಬ್ಬು ಒಡೆದಿದ್ದ. ರಕ್ತ ಒರೆಸಿಕೊಂಡು ಅವಳು, ನನ್ನ ಮಾತು ಬೇಡ ಶೆಟ್ಟಿಯ ಮಾತೂ ಬೇಡ, ದೇವಿಯ ಮಾತು ಕೇಳೋಣ ಎಂದಿದ್ದಳು. ಅವನು ಪೂಜಾರಿಗಳ ಮನೆಯಲ್ಲಿ ಹುಟ್ಟಿದವನು. ಅದಕ್ಕೆ ಇಲ್ಲ ಎನ್ನಲಾರದೆ ಬಂದಿದ್ದ.

ಮಾಪಣ್ಣ ಒಂದೇ ಮಾತು ಕೇಳಿದ. "ಸಾವು ಯಾವುದರಾಗ ಹೆಚ್ಚೈತಿ?"

"ಬೈಪಾಸಿನಾಗ. ಇಷ್ಟ ತೂಕಕ್ಕ ಟೇಬಲ್ ಮ್ಯಾಲೇ ಎದಿ ನಿಂದರಬಹುದು ಅಂದಾನ ಡಾಕ್ಟರ. ನೂರಕ್ಕ ಒಬ್ಬರೋ ಇಬ್ಬರೋ ಅಂತಾನ. ನಾ ಅಂದ್ರ ಮೂರ ಮಂದಿ ತೂಕ ಅಲ್ಲೇನು," ಎಂದು ಅವನು ಮತ್ತೆ ನಕ್ಕ.

ಇವತ್ತು ಹೊತ್ತು ಸರಿಯಿಲ್ಲ, ಮಂಗಳವಾರ ಬೆಳಿಗ್ಗೆ ಉಪವಾಸವಿದ್ದು ಸ್ನಾನ ಮಾಡಿ ಬನ್ನಿ ಎಂದು ಮಾಪಣ್ಣ ಅವರನ್ನು ಕಳಿಸಿದ.

ಅವರು ಹೋದ ಮೇಲೆ ಮರಗಮ್ಮ ಹೊರಗೆ ಬಂದಳು. ಅಳಲಿಲ್ಲ. ಬಿದ್ದ ಕೊಡವನ್ನು ಕಾಲಿನಿಂದ ಸರಿಸಿ ಮಾವನ ಎದುರು ಕೂತಳು.

"ಮಾವಾ, ಯಾವುದರಾಗ ಸಾಯ್ತಾನ ಅದನ್ನ ಕೊಡ್ರಿ."

"ಕೊಡಾಕ ನಾ ಯಾರವ್ವ. ತಾಯಿ ಕೊಡ್ತಾಳ."

"ತಾಯಿ ಅವತ್ತ ಎಲ್ಲಿದ್ಲು? ನಿಮ್ಮ ಜೋಡಿ ಭಿವಂಡಿಗೆ ಹೋಗಿದ್ಲೇನು?"

ನಾಲ್ಕು ವರ್ಷ ಮಾಪಣ್ಣ ದೇವಿಯನ್ನು ಅದೇ ಮಾತು ಕೇಳಿದ್ದ; ಹೂವು ಇಟ್ಟು ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಆ ದಿನಗಳಲ್ಲಿ ಅವನಿಗೆ ಅನ್ನ ಸೇರಲಿಲ್ಲ. ಅವನ ತಂದೆ ಸಾಯುವ ಮುಂಚೆ ಒಂದು ಮಾತು ಹೇಳಿಕೊಟ್ಟಿದ್ದ. ಕೆಟ್ಟ ಪೂಜಾರಿಗಳು ಒಂದು ಹೂವನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಬೆಲ್ಲದ ನೀರಿನಲ್ಲಿ ಅದ್ದುತ್ತಾರೆ. ಬೆಲ್ಲದ ಹೂವು ಬೀಳುವುದಿಲ್ಲ. ಇದನ್ನು ನೀನು ಮಾಡಬಾರದೆಂದು ಹೇಳುತ್ತಿದ್ದೇನೆ, ಯಾರಾದರೂ ಮಾಡಿದರೆ ಗುರುತು ಸಿಗಲೆಂದು ಹೇಳುತ್ತಿದ್ದೇನೆ ಎಂದಿದ್ದ ತಂದೆ. ಮಾಪಣ್ಣ ಈ ಮಾತನ್ನು ಮರೆತೇಬಿಟ್ಟಿದ್ದ. ಈಗ ಕೂತಲ್ಲಿ ನಿಂತಲ್ಲಿ ಅದೇ ನೆನಪಾಗುತ್ತಿತ್ತು. ಕೊಯ್ದರೆ ರೇವಣಸಿದ್ದ ಸಾಯಬಹುದು. ಸಾಯದಿದ್ದರೆ, ಇನ್ನು ಯಾರ ಮಗನ ಎದೆಯ ಮೇಲೂ ಕೂರಲಾರ. ಎರಡಕ್ಕೂ ಹೂವು ಒಂದೇ. ಎರಡರಲ್ಲಿ ತನಗೆ ಬೇಕಾದುದು ಯಾವುದು ಎಂದು ತನ್ನನ್ನೇ ಕೇಳಿಕೊಂಡರೆ, ಮಗನ ಬಾಯಿಂದ ಇಳಿದ ರಕ್ತದ ಬಿಸಿ ತೊಡೆಯ ಮೇಲೆ ತಾಗುತ್ತಿತ್ತು.

ಮಂಗಳವಾರ ಬೆಳಕು ಹರಿಯುತ್ತಿದ್ದಂತೆ ಅವನು ಸ್ನಾನ ಮಾಡಿ, ಚಿಕ್ಕ ಬಟ್ಟಲಿನಲ್ಲಿ ಬೆಲ್ಲ ಕರಗಿಸಿದ. ಬಟ್ಟಲನ್ನು ಕಲ್ಲಿನ ಹಿಂದೆ ಮರೆಯಾಗಿ ಇಟ್ಟ.

ರೇವಣಸಿದ್ದ ಒದ್ದೆ ಧೋತರ ಉಟ್ಟು ಬಂದ. ಬಲ ಹೆಗಲಿಗೆ ಬೈಪಾಸ್, ಎಡ ಹೆಗಲಿಗೆ ಪಟ್ಟಿ ಎಂದು ಮಾಪಣ್ಣ ಗಟ್ಟಿಯಾಗಿ ಹೇಳಿದ. ಕಲ್ಯಾಣದ ಕಡೆಗೆ ಒಂದು ಫಾಸ್ಟ್ ಗಾಡಿ ಹೋಯಿತು. ಹಳಿಯ ಸದ್ದು ನಿಲ್ಲುವವರೆಗೆ ಕಾದ. ಬಲಗಡೆಯ ಹೂವನ್ನು ನೀರಿನಲ್ಲಿ, ಎಡಗಡೆಯದನ್ನು ಬಟ್ಟಲಿನಲ್ಲಿ ಅದ್ದಿ ಇಟ್ಟು, ಹಿಂದೆ ಸರಿದು ಕೈ ಮುಗಿದ. ಮುಂದಿನ ಗಾಡಿ ಇನ್ನೂ ದೂರವಿತ್ತು. ಬಿಸಿಲು ತಗಡಿನ ಮೇಲೆ ಏರಿತು. ನೀರು ಆರಿ, ಬಲಗಡೆಯ ಹೂವು ಅಂಚಿನಿಂದ ಬಿಟ್ಟುಕೊಂಡು, ತಿರುಗಿ, ದೇವಿಯ ಪಾದದ ಮೇಲೆ ಬಿತ್ತು.

ಕಾಂಚನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ರೇವಣಸಿದ್ದ ಬಿದ್ದ ಹೂವನ್ನು ನೋಡಲಿಲ್ಲ. ಎಡ ಹೆಗಲನ್ನು ನೋಡುತ್ತಿದ್ದ. ಕಟ್ಟೆಯ ಸಂದಿನಿಂದ ಕೆಂಪಿರುವೆಗಳ ಸಾಲು ಹೊರಟು, ದೇವಿಯ ತೋಳನ್ನು ಹತ್ತಿ, ಹೂವಿನ ಕೆಳಗೆ ನುಗ್ಗುತ್ತಿತ್ತು. ಅವನು ಬೆರಳಿನಿಂದ ಕಲ್ಲನ್ನು ಒರೆಸಿ ನಾಲಿಗೆಗೆ ಇಟ್ಟುಕೊಂಡ.

"ನಾನೂ ಪೂಜಾರಿ ಮಗ ಅದೀನಿ ಅಜ್ಜಾ," ಎಂದ. ದನಿ ಮೆಲ್ಲಗಿತ್ತು. "ಬೆಲ್ಲ ಯಾರ ಮಾತಿಗೆ ಹಚ್ಚಿದಿ? ಇವಳ ಮಾತಿಗೇನು?"

ಕಾಂಚನಾ ಇಲ್ಲ ಎನ್ನುವಷ್ಟರಲ್ಲಿ ಅವನ ಹಿಂಗೈ ಅವಳ ದವಡೆಗೆ ಬಡಿಯಿತು. ಅವಳು ಗಟಾರದ ಅಂಚಿಗೆ ಹೋಗಿ ಬಿದ್ದಳು. ಕೈ ಎತ್ತಿ ಹೊಡೆಯುವವನಲ್ಲ ಎಂಬ ಮಾತು ಹೊರಗಿನವರಿಗೆ ಮಾತ್ರ ಇತ್ತು. ಆಮೇಲೆ ಮಾಪಣ್ಣನ ಕುತ್ತಿಗೆ ಹಿಡಿದು ನೆಲಕ್ಕೆ ಅಪ್ಪಳಿಸಿದ. ಮುದುಕನ ಹಿಂದಲೆ ಇಟ್ಟಿಗೆಗೆ ತಾಗಿ ಚರ್ಮ ಹರಿಯಿತು. ಅವನು ಧೋತರ ಎತ್ತಿ ಕಟ್ಟಿ, ಅದೇ ಸಾವಧಾನದಿಂದ, ಮಾಪಣ್ಣನ ಎದೆಯ ಮೇಲೆ ಕೂತ.

ತಗಡು, ಆಕಾಶ, ದೇವಿ ಎಲ್ಲ ಒಮ್ಮೆಗೇ ದೂರ ಹೋದವು. ಮಾಪಣ್ಣನಿಗೆ ನೋವಿಗಿಂತ ಮೊದಲು ಅಚ್ಚರಿಯಾಯಿತು. ಗಾಳಿ ಎನ್ನುವುದು ಸುತ್ತಲೂ ಇದ್ದು ತನಗೆ ಇಲ್ಲ. ಎಡಪಕ್ಕೆಯಲ್ಲಿ ಸದ್ದಾಯಿತು. ಸೊಸೆ ಹೇಳಿದ ಹಸಿ ದಂಟಿನ ಸದ್ದು ಇದೇ ಎಂದು ತಿಳಿಯಿತು. ಮಗ ಕೊನೆಗೆ ಕಂಡದ್ದು ಏನು ಎಂದು ನಾಲ್ಕು ವರ್ಷ ಯೋಚಿಸಿದ್ದ. ಅವನು ಕಂಡದ್ದು ಈ ಅಗಲವಾದ ಬೆನ್ನು. ಒಳಗೆ ಉಳಿದಿದ್ದ ಗಾಳಿಯಲ್ಲಿ ಒಂದು ಹೆಸರು ಹೊರಟಿತು. ಮಾನಪ್ಪ.

ಮರಗಮ್ಮ ಹಳಿಯ ಮೇಲಿನ ಜಲ್ಲಿಕಲ್ಲು ಎತ್ತಿಕೊಂಡು ಬಂದಿದ್ದಳು. ಮೊದಲ ಏಟು ರೇವಣಸಿದ್ದನ ಕಿವಿಯ ಹಿಂದೆ ಬಿತ್ತು. ಎರಡನೆಯದು ಅದೇ ಜಾಗಕ್ಕೆ. ಅವನು ತಿರುಗುವಷ್ಟರಲ್ಲಿ ಮೂರನೆಯದು ಹಣೆಗೆ ಬಿದ್ದು ರಕ್ತ ಮಾಪಣ್ಣನ ಮುಖದ ಮೇಲೆ ಸುರಿಯಿತು. ಅವನು ಪಕ್ಕಕ್ಕೆ ಉರುಳಿ ಅಂಗಾತ ಬಿದ್ದ. ಅಂಗಾತ ಬಿದ್ದೊಡನೆ ಗಂಟಲಲ್ಲಿ ಗೊರಕೆ ಸಿಕ್ಕಿತು. ಹೊಟ್ಟೆ ಕುತ್ತಿಗೆಯ ಕಡೆಗೆ ಸರಿಯಿತು. ಕಾಲು ನೆಲ ಕೆರೆಯಿತು. ಮುಖ ಕೆಂಪಾಗಿ, ನೀಲಿಯಾಗಿ, ಕಪ್ಪಾಗತೊಡಗಿತು. ಅವನ ಎದೆಯ ಮೇಲೆ ಅವನೇ ಕೂತಿದ್ದ.

ಮರಗಮ್ಮ ಎರಡು ಕೈಗೂ ಹಿಡಿಯದಂಥ ಇನ್ನೊಂದು ಕಲ್ಲನ್ನು ಎತ್ತಿ ಅವನ ಮುಖದ ಮೇಲೆ ಹಿಡಿದಳು. ಕಾಂಚನಾ ದವಡೆ ಹಿಡಿದುಕೊಂಡು ಎದ್ದು ನಿಂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ಬೇಡ ಎಂದವನು ಮಾಪಣ್ಣ.

"ಯಾಕ?" ಎಂದಳು ಮರಗಮ್ಮ. "ಯಾಕ ಬ್ಯಾಡ, ಹೇಳ್ರಿ ಮಾವಾ."

ಮಾಪಣ್ಣ ಮಗ್ಗುಲಿಗೆ ಹೊರಳಿದ. ತೆವಳಿಕೊಂಡು ಹೋಗಿ ಆ ಬೆನ್ನಿನ ಕೆಳಗೆ ತನ್ನ ಹೆಗಲು ಕೊಟ್ಟ. ಗೋಡೆಗೆ ಹೆಗಲು ಕೊಟ್ಟ ಹಾಗಿತ್ತು. ಮುರಿದ ಪಕ್ಕೆ ಒಳಗೆ ಚುಚ್ಚಿತು. ಬಿಡಲಿಲ್ಲ. ಆಗ ಕಾಂಚನಾ ಬಂದು ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಸೇರಿ ದೂಡಿದರು. ಮರಗಮ್ಮ ಕೈ ಹಾಕಲಿಲ್ಲ. ಕಲ್ಲನ್ನು ಅವನ ತಲೆಯ ಪಕ್ಕದಲ್ಲಿ ನೆಲಕ್ಕೆ ಬಿಟ್ಟಳು. ಅವನು ಮಗ್ಗುಲಾದ. ಬಟ್ಟೆ ಹರಿದ ಹಾಗೆ ಸದ್ದು ಮಾಡಿ ಉಸಿರು ಒಳಗೆ ಹೋಯಿತು.

ಕಟ್ಟೆಗೆ ಒರಗಿ ಕೂತು, ಹಣೆಯ ರಕ್ತವನ್ನು ಒರೆಸಿಕೊಳ್ಳುತ್ತ, ಅವನು ಕೇಳಿದ ಮೊದಲ ಮಾತು, ಯಾವ ಮಾನಪ್ಪ ಎಂದು.

"ಶೆಟ್ಟಿ ಹೋಟ್ಲ ಹಿಂದ. ಏಳಂಗಿಲ್ಲ ಅಂದಾವ," ಎಂದಳು ಮರಗಮ್ಮ.

ಅವನು ನೆನಪು ಮಾಡಿಕೊಂಡ. "ಅವ ಎದ್ದು ನಡದು ಹೋದ್ನಲ್ಲ."

"ಮೂರನೇ ದಿನ ಹೋದ."

ಮಾಪಣ್ಣ ಪಕ್ಕೆ ಹಿಡಿದುಕೊಂಡು ಕೂತೇ ಮಾತಾಡಿದ. ಒಂದೊಂದು ಮಾತಿಗೂ ನಿಲ್ಲುತ್ತಿದ್ದ. "ನಾ ಅವನ ಅಪ್ಪ. ಬೆಲ್ಲ ಹಚ್ಚಿದಾವ ನಾನ. ನಿನ್ನ ಹೇಣ್ತಿ ಅಲ್ಲ. ಕೊಯ್ದಾಗ ನೀ ಸಾಯಲಿ ಅಂತ ಹಚ್ಚಿದೆ. ಉಳದ್ರ ಇನ್ನೊಬ್ಬನ ಎದಿ ಮ್ಯಾಲೆ ಕೂಡಬಾರದು ಅಂತನೂ ಹಚ್ಚಿದೆ. ಯಾವುದು ಹೆಚ್ಚು ಯಾವುದು ಕಮ್ಮಿ, ನನಗ ಗೊತ್ತಿಲ್ಲ. ತಾಯಿ ಏನೂ ಹೇಳಿಲ್ಲ. ಇನ್ನ ನೀನ ಆರಿಸ್ಕೋ."

ರೇವಣಸಿದ್ದ ಹೆಂಡತಿಯ ಹೆಗಲು ಹಿಡಿದು ಎದ್ದು ಹೋದ. ರಿಕ್ಷಾದವರೆಗಿನ ನೆಲದ ಮೇಲೆ ರಕ್ತದ ಹನಿಗಳಿದ್ದವು. ಇರುವೆಗಳು ಅವಕ್ಕೂ ಮುತ್ತಿದವು.

ಮಾಪಣ್ಣ ದೇವಿಯನ್ನು ಹುಣಸೆಹಣ್ಣು ಹಚ್ಚಿ ತೊಳೆದ. ಎದೆಗೆ ಬಟ್ಟೆ ಬಿಗಿದುಕೊಂಡು ಪೂಜೆ ಮಾಡಿದ. ಪ್ರಸಾದ ಕೇಳಲು ಬಂದವರಿಗೆ ನನ್ನ ಕೈ ಕೆಟ್ಟಿದೆ ಎಂದು ಹೇಳಿ ಕಳಿಸಿದ. ಮರಗಮ್ಮ ಅವನೊಡನೆ ಮಾತು ಬಿಟ್ಟಿದ್ದಳು. ಅನ್ನ ಬಡಿಸಿ ಹೊರಗೆ ಹೋಗಿ ಕೂರುತ್ತಿದ್ದಳು.

ಮಳೆಗಾಲ ಕಳೆದ ಮೇಲೆ, ಮುದುಕನ ಪಕ್ಕೆ ಇನ್ನೂ ಸರಿಯಾಗಿ ಕೂಡಿರದ ಹೊತ್ತಿಗೆ, ಕಾಂಚನಾ ಒಬ್ಬಳೇ ಬಂದಳು. ಗಂಡ ಶೆಟ್ಟಿಯ ಎದುರು ನಿಂತು ಪಟ್ಟಿ ಬೇಡ ಎಂದನಂತೆ. ಶೆಟ್ಟಿ ನಗುತ್ತ ಸರಿ ಮಾರಾಯ ಎಂದು ಕಳಿಸಿದನಂತೆ. ಮರುದಿನ, ಜನರನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದ ಅದೇ ಇಬ್ಬರು ಆಳುಗಳು ಕಬ್ಬಿಣದ ಸಲಾಕೆ ಹಿಡಿದು ಮನೆಗೆ ಬಂದರಂತೆ. ಬಾಗಿಲು, ಟಿವಿ, ಪಾತ್ರೆ ಎಲ್ಲ ಒಡೆದು, ಅವನ ಎಡಗೈಯ ಬೆರಳುಗಳನ್ನು ಹೊಸ್ತಿಲ ಮೇಲಿಟ್ಟು ಜಜ್ಜಿದರಂತೆ. ಅವನು ಎದ್ದು ನಿಂತಿದ್ದರೆ ಇಬ್ಬರನ್ನೂ ಗೋಡೆಗೆ ಒತ್ತಿ ಕೊಲ್ಲಬಹುದಿತ್ತು, ಕುರ್ಚಿಯಿಂದ ಏಳಲಿಲ್ಲ ಎಂದಳು ಕಾಂಚನಾ. ಶೆಟ್ಟಿಯ ದುಡ್ಡಿಲ್ಲದೆ ವಾಶಿಯ ಆಸ್ಪತ್ರೆ ತಪ್ಪಿತು. ಮುಂಬಯಿಯ ಸರಕಾರಿ ಆಸ್ಪತ್ರೆಯಲ್ಲಿ ಸರದಿ ಸಿಕ್ಕಿದೆ. ಬೈಪಾಸ್. ನಾಳೆ ಬೆಳಿಗ್ಗೆ. ಮರಗಮ್ಮನ ಮೊಬೈಲ್ ನಂಬರು ಕೇಳಿ ತೆಗೆದುಕೊಂಡಳು. ಮರಗಮ್ಮ ಕೊಟ್ಟಳು.

ಮರುದಿನ ಹೊತ್ತು ಏರಿದ ಮೇಲೆ ಮರಗಮ್ಮ ಕಟ್ಟೆಯ ಹತ್ತಿರ ಬಂದು ಎರಡು ಕಣಗಿಲೆ ಹೂವು ಮಾವನ ಮುಂದೆ ಇಟ್ಟಳು. "ಕೇಳ್ರಿ ತಾಯಿನ್ನ. ಉಳೀತಾನೋ ಇಲ್ಲೋ. ಬರೀ ನೀರಿನಾಗ ಅದ್ದಿ ಕೇಳ್ರಿ."

ಮಾಪಣ್ಣ ನೀರಿನಲ್ಲಿ ಅದ್ದಿದ. ಬಲಕ್ಕೆ ಉಳಿಯುವುದು, ಎಡಕ್ಕೆ ಸಾಯುವುದು. ಹೂವು ಇಟ್ಟು ಕೈ ತೆಗೆಯಬೇಕು ಎನ್ನುವಾಗ ಹಳಿ ಹಾಡತೊಡಗಿತು. ಗಾಡಿ ಬರುತ್ತಿದೆ ಎಂದು ಅವನಿಗೆ ತಿಳಿದಿತ್ತು. ಮೊದಲ ಬಾರಿಗೆ ಕಾಯದೆ ಇಟ್ಟಿದ್ದ. ಕಟ್ಟೆ ನಡುಗಿತು, ತಗಡು ಗಡಗಡಿಸಿತು. ಅವನು ಎರಡು ಅಂಗೈಯಿಂದ ಎರಡು ಹೂವನ್ನೂ ದೇವಿಯ ಹೆಗಲಿಗೆ ಒತ್ತಿ ಹಿಡಿದುಕೊಂಡ. ಡಬ್ಬಿಗಳು ಒಂದರ ಹಿಂದೊಂದು ದಾಟಿ ಹೋದವು. ಸದ್ದು ನಿಂತಿತು. ಅವನು ಕೈ ತೆಗೆಯಲಿಲ್ಲ. ಮರಗಮ್ಮ ಮಾವನ ಪಕ್ಕದಲ್ಲೇ ನಿಂತಳು. ಬಿಸಿಲು ನೆತ್ತಿಯಿಂದ ಕುತ್ತಿಗೆಗೆ ಇಳಿಯಿತು. ಎಷ್ಟೋ ಗಾಡಿಗಳು ಹೋದವು. ತೋಳು ಸೋತು, ಎದೆಯ ಮುರಿದ ಜಾಗ ಉರಿಯುತ್ತಿತ್ತು.

ಮೊಬೈಲ್ ಬಡಿಯಿತು. ಮರಗಮ್ಮ ಕಿವಿಗೆ ಹಿಡಿದು ಕೇಳಿ ಇಟ್ಟಳು. ಹಳಿಯ ಕಡೆ ಮುಖ ತಿರುಗಿಸಿ ನಿಂತಳು.

"ಉಳದಾನಂತ," ಎಂದಳು.

ಮತ್ತೆ ಹೇಳಿದಳು. "ಇನ್ನ ಯಾರ ಎದಿ ಮ್ಯಾಲೂ ಕೂಡಂಗಿಲ್ಲ ಅವ."

ಮಾಪಣ್ಣ ಕೈ ತೆಗೆದ. ಎರಡೂ ಹೂವು ಜಜ್ಜಿ ಅಂಗೈಗೆ ಅಂಟಿದ್ದವು. ದೇವಿಯ ಹೆಗಲಿನಲ್ಲಿ ಎರಡು ಒದ್ದೆ ಕಲೆ ಮಾತ್ರ ಇದ್ದವು. ಅವನಿಗೆ ಅಳು ಬಂತು. ಅದು ಮಗನಿಗೋ, ಉಳಿದವನಿಗೋ, ತನಗೋ ತಿಳಿಯಲಿಲ್ಲ. ಒಂದೊಂದು ಬಿಕ್ಕಿಗೂ ಮುರಿದ ಪಕ್ಕೆ ಚುಚ್ಚುತ್ತಿತ್ತು. ಮರಗಮ್ಮ ಬಂದು, ಎದೆಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿದ್ದುದನ್ನು ನೋಡಿ, ಗಂಟು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು.